ಒಂದು ದಿನದ ಮಟ್ಟಿಗೆ

ಫೋನು ಬಂದಾಗ ಅವಳ ಎರಡೂ ಕೈಗೆ ಅಚ್ಚಿನ ಮಸಿ ಮೆತ್ತಿತ್ತು. ಮೊಣಕೈಯಿಂದ ಗುಂಡಿ ಒತ್ತಿ, ಮೇಜಿನ ಮೇಲೆ ಬಗ್ಗಿ ಕಿವಿಗೊಟ್ಟಳು. ವೃದ್ಧಾಶ್ರಮದ ಮೇಲ್ವಿಚಾರಕಿಯ ದನಿ ಎಂದು ಗೊತ್ತಾದ ಕೂಡಲೇ ಎದೆ ಧಸಕ್ಕೆಂದಿತು. ಬೆಳ್ಳಂಬೆಳಗ್ಗೆ ಅಲ್ಲಿಂದ ಫೋನು ಬಂದರೆ ಇನ್ನೇನಿರುತ್ತದೆ. ಆ ಧಸಕ್ಕಿನ ಬೆನ್ನಿಗೇ, ಮುಂದಿನ ವಾರ ಚಿತ್ರಪ್ರದರ್ಶನ ಇಟ್ಟುಕೊಂಡಿರುವಾಗ ಈಗಲೇ ಆಗಬೇಕಿತ್ತೆ ಎಂಬ ವಾಕ್ಯ ಮನಸ್ಸಿನಲ್ಲಿ ಪೂರ್ತಿಯಾಗಿ, ಕರ್ತೃ ಕ್ರಿಯಾಪದಗಳ ಸಮೇತ ಮೂಡಿತು. ಮೂಡಿದ್ದನ್ನು ಅಳಿಸಲು ಅವಳು ಹವಣಿಸುತ್ತಿರುವಾಗ ಆಕೆ ಹೇಳುತ್ತಿದ್ದಳು: "ಗಾಬರಿ ಆಗ್ಬೇಡಿ. ಹೆಂಗಸರ ವಾರ್ಡಿಗೆ ತಿಗಣೆ ಔಷಧಿ ಹೊಡೀತಿದೀವಿ. ನಿಮ್ಮ ಅತ್ತಿಗೇನ ಬಂದು ಕರ್ಕೊಂಡು ಹೋಗಿ, ಸಂಜೆ ಬಿಟ್ಟುಬಿಡಿ. ಒಂದು ದಿನದ ಮಟ್ಟಿಗೆ ಅಷ್ಟೆ." ಒಂದು ದಿನದ ಮಟ್ಟಿಗೆ ಎಂಬ ಮಾತು ಕೇಳಿ ಜೀವ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು. ಆಮೇಲೆ, ಗಾಜಿನ ಹಲಗೆಯ ಮೇಲೆ ಹರಡಿದ್ದ ಕಪ್ಪು ಮಸಿಯನ್ನೆಲ್ಲ ಮತ್ತೆ ಕೆರೆದು ಡಬ್ಬಿಗೆ ತುಂಬಬೇಕಲ್ಲ ಎಂದು ಸಿಟ್ಟು ಬಂತು. ಮಸಿ ಆಗತಾನೇ ಹದಕ್ಕೆ ಬಂದಿತ್ತು. ರೋಲರ್ ಉರುಳಿಸಿದರೆ ಬಾಣಲೆಯಲ್ಲಿ ಸಣ್ಣಗೆ ಏನೋ ಹುರಿದಂಥ ಸದ್ದು ಬರಬೇಕು, ಬರುತ್ತಿತ್ತು.

ಗಂಡ ಕೆಲಸದ ಮೇಲೆ ಪರ ಊರಿನಲ್ಲಿದ್ದ. ಫೋನಿನಲ್ಲಿ, "ನೀನೇ ಹೋಗ್ತೀಯಾ? ಕಷ್ಟ ಆದ್ರೆ ಯಾರನ್ನಾದ್ರೂ ಕಳಿಸೋಣ," ಎಂದ. "ಯಾರನ್ನ ಕಳಿಸ್ತೀರಿ?" ಎಂದಳು. ಅದಕ್ಕೆ ಅವನು, "ಪಾಪ, ಖುಷಿ ಪಡ್ತಾಳೆ ಅಕ್ಕ," ಎಂದ. ಪಾಪ ಎಂದದ್ದು ತನ್ನ ಅಕ್ಕನಿಗೋ ಹೆಂಡತಿಗೋ ತನಗೋ ತಿಳಿಯಲಿಲ್ಲ. ಅವಳು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪಿನಲ್ಲಿ ಇನ್ನೊಮ್ಮೆ ತೊಳೆದು, ಉಗುರಿನ ಸಂದಿಯ ಕಪ್ಪು ಹೋಗದೆ ಹಾಗೇ ಹೊರಟಳು.

ಅತ್ತಿಗೆ ಆಗಲೇ ತಲೆ ಬಾಚಿಕೊಂಡು, ಜಗಲಿಯ ಬೆಂಚಿನ ತುದಿಯಲ್ಲಿ ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಇಬ್ಬರು ಗಂಡಸರು ಒಳಗಿಂದ ಹಾಸಿಗೆಗಳನ್ನು ಎಳೆದು ತಂದು ಅಂಗಳದಲ್ಲಿ ಒಟ್ಟುತ್ತಿದ್ದರು. ಒಂದೊಂದು ಹಾಸಿಗೆಯಲ್ಲೂ ನಡುವೆ ಒಂದೊಂದು ಮೈಯ ತಗ್ಗು. "ನೋಡಿ, ನಮ್ಮ ಹುಡುಗಿ ಬಂದ್ಲು," ಎಂದು ಅತ್ತಿಗೆ ಪಕ್ಕದವರಿಗೆಲ್ಲ ಕೇಳುವಂತೆ ಸಾರಿದಳು. ಮದುವೆಯಾಗಿ ಬಂದಾಗ ಇಟ್ಟ ಹೆಸರು. ತಲೆಕೂದಲು ಅರ್ಧ ಬೆಳ್ಳಗಾದರೂ ಅತ್ತಿಗೆಯ ಬಾಯಲ್ಲಿ ಅವಳು ಹುಡುಗಿಯೇ. ಎದ್ದು ನಿಂತ ಅತ್ತಿಗೆಯ ಕಾಲ ಬಳಿ ಒಂದು ದೊಡ್ಡ ಚೀಲವಿತ್ತು. ಒಂದು ದಿನಕ್ಕೆ ಬೇಕಾದ ಚೀಲವಲ್ಲ. ಆಶ್ರಮಕ್ಕೆ ಬಂದು ಸೇರಿದ ದಿನ ತಂದಿದ್ದ, ಅಷ್ಟೂ ಬಟ್ಟೆ ಹಿಡಿಯುವ, ಝಿಪ್ಪು ಕಿತ್ತದ್ದಕ್ಕೆ ದಾರ ಕಟ್ಟಿದ ಅದೇ ಚೀಲ. ಬಾಯ ತುದಿಯವರೆಗೂ ತುಂಬಿತ್ತು. ಯಾರಾದರೂ ಸರಿಯಾಗಿ ಹೇಳಿದರೋ ಇಲ್ಲವೋ, ಸಂಜೆ ವಾಪಸು ಬರುವುದಿದೆ ಎಂದು? ಕೇಳಬೇಕೆಂದು ಬಾಯಿ ತೆರೆದಳು. "ಕೊಡಿ, ನಾನು ಎತ್ಕೋತೀನಿ," ಎಂದಳು. ಚೀಲ ಭಾರವಿತ್ತು, ಮೆತ್ತಗಿತ್ತು.

ಬಾಡಿಗೆ ಕಾರಿನಲ್ಲಿ ಅತ್ತಿಗೆ ಕಿಟಕಿಯ ಗಾಜು ಇಳಿಸಿಕೊಂಡು ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬದುಕಿಡೀ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತವಳು. ಯಾರು ಯಾರ ಜೊತೆ ಮಾತಾಡಿದರೂ ನಡುವೆ ತನ್ನದೊಂದು ತಂತಿ ಇದೆ ಎಂಬ ನಂಬಿಕೆ ಇನ್ನೂ ಹೋಗಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಎಲ್ಲರ ಲೈನೂ ಜೋಡಿಸಿ ಜೋಡಿಸಿ ನನ್ನದು ಎಂಗೇಜ್ ಆಗೇ ಉಳೀತು," ಎನ್ನುತ್ತಿದ್ದಳು. ತಮ್ಮನ ಮಗಳು ಹಸುಗೂಸಾಗಿದ್ದ ಆ ಕಾಲದಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ಮೊದಲು ಇಣುಕುತ್ತಿದ್ದುದು ಅಡುಗೆಮನೆಗೆ. ಅಲ್ಲಿ ನೆಲದ ಮೇಲೆ ಚಿತ್ರ ಕೆತ್ತಿದ ಹಲಗೆ, ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ಬಗ್ಗಿದ ಅವಳ ಹುಡುಗಿ. ಆಗ ಅಚ್ಚಿನ ಪ್ರೆಸ್ ಎಲ್ಲಿತ್ತು, ಸೌಟಿನ ಬೆನ್ನಿನಿಂದ ಉಜ್ಜಿ ಉಜ್ಜಿ ಅಚ್ಚು ತೆಗೆಯಬೇಕಿತ್ತು. ಕಾಗದ ಜರುಗದಂತೆ ಅತ್ತಿಗೆ ಮಂಡಿಯೂರಿ ಎರಡು ಮೂಲೆ ಹಿಡಿಯುತ್ತಿದ್ದಳು. ನಿದ್ದೆಗೆಟ್ಟ ಕಣ್ಣು, ಆದರೆ ಬೆರಳು ಅಲುಗುತ್ತಿರಲಿಲ್ಲ. ಮಗು ಅತ್ತರೆ, "ನೀನು ಉಜ್ಜು, ಆ ಕಾಲ್ ನಾನು ತಗೋತೀನಿ," ಎಂದು ಎದ್ದು ಹೋಗುತ್ತಿದ್ದಳು. ಆ ಸೌಟಿನಲ್ಲೇ ಮತ್ತೆ ಬಡಿಸುತ್ತಿದ್ದರು, ಗಂಡನಿಗೆ ಗೊತ್ತಿರಲಿಲ್ಲ. ಈಗ ಅತ್ತಿಗೆ, "ಏನೇ, ಇಲ್ಲೊಂದು ಸಿನಿಮಾ ಥಿಯೇಟರ್ ಇತ್ತಲ್ಲ?" ಎಂದಳು. "ಕೆಡವಿ ಎರಡು ವರ್ಷ ಆಯ್ತು ಅತ್ತಿಗೆ." "ಅಯ್ಯೋ, ಹೇಳಲೇ ಇಲ್ಲ ನೀವ್ಯಾರೂ." ಅದನ್ನು ಹೇಳಬೇಕಿತ್ತೆಂದು ಯಾರಿಗೂ ಹೊಳೆದಿರಲಿಲ್ಲ.

ಬಾಗಿಲು ತೆರೆದ ಮಗಳು "ಅತ್ತೇ!" ಎಂದು ಕೂಗಿ ತಬ್ಬಿಕೊಂಡ ರೀತಿ ಅವಳಿಗೆ ಹೊಸದು. ಪರೀಕ್ಷೆ ಹತ್ತಿರ ಬಂದಿದೆಯೆಂದು ವಾರದಿಂದ ಊಟಕ್ಕೂ ಮುಖ ತೋರಿಸದ ಹುಡುಗಿ, ಅತ್ತೆಯ ಕೈ ಹಿಡಿದು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. ಒಳಗಿಂದ ನಗು ಕೇಳಿಸಿತು. ಚೀಲ ನಡುಮನೆಯಲ್ಲಿ ಉಳಿಯಿತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಅವಳು ಗೋಡೆಗೆ ಒತ್ತಿದಳು, ಕುರ್ಚಿಯ ಹಿಂದೆ ಸರಿಸಿದಳು, ಬಚ್ಚಿಟ್ಟಂತೆ ಕಂಡಿತೆಂದು ಮತ್ತೆ ಮುಂದೆ ತಂದಿಟ್ಟಳು. ಬೇಕಾದಷ್ಟು ಬಿಡುವಿತ್ತು. ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಕೆಲಸದ ಕೋಣೆಗೆ ಹೋಗಿ ಮಸಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಪಕ್ಕದ ಗೋಡೆಯಾಚೆ ಇನ್ನೊಂದು ನಗು. ತನ್ನ ಬಗ್ಗೆಯೇ ಇರಬೇಕು. ತನ್ನ ಬಗ್ಗೆ ಅಲ್ಲದಿದ್ದರೆ ಇನ್ನೂ ಕೆಟ್ಟದ್ದು.

ಊಟಕ್ಕೆ ಮುಂಚೆ ಅತ್ತಿಗೆ ತಾನೇ ಕೋಣೆಯ ಬಾಗಿಲಿಗೆ ಬಂದು ನಿಂತಳು. ಹೊಸಿಲು ದಾಟಲಿಲ್ಲ. "ಬರಬಹುದಾ?" ಎಂದಳು. ಮೂವತ್ತು ವರ್ಷ ತಾನು ಮಲಗೆದ್ದ ಕೋಣೆಗೆ. "ಅಯ್ಯೋ, ಏನು ಅತ್ತಿಗೆ, ಬನ್ನಿ ಬನ್ನಿ," ಎಂದು ಅವಳು ಗಡಿಬಿಡಿಯಲ್ಲಿ ಸ್ಟೂಲಿನ ಮೇಲಿನ ಕಾಗದ ಎತ್ತಿದಳು. ಮಂಚವಿದ್ದಲ್ಲಿ ಪ್ರೆಸ್ ಕೂತಿತ್ತು: ಕಬ್ಬಿಣದ ಕಾಲು, ಆಳೆತ್ತರದ ಚಕ್ರ, ಉರುಳೆಗಳ ನಡುವೆ ಹಾಸಿದ ದಪ್ಪ ಕಂಬಳಿ. ಅತ್ತಿಗೆ ಅದನ್ನು ಸುತ್ತಿ ನೋಡಿ, ಚಕ್ರದ ಮೇಲೆ ಕೈಯಾಡಿಸಿ, "ಒಳ್ಳೆ ಆಳು," ಎಂದಳು. ಆಮೇಲೆ ಗೋಡೆಗೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಅಚ್ಚುಗಳ ಕಡೆ ತಿರುಗಿದಳು. ಇವಳು ಅದಕ್ಕೇ ಹೆದರಿದ್ದಳು. ಅಲ್ಲಿದ್ದವೆಲ್ಲ ಒಂದೇ ಬೆನ್ನು. ಗೋಡೆಯ ಕಡೆ ಮುಖ ಮಾಡಿ ಮಲಗಿದ ಮುದಿ ಹೆಂಗಸಿನ ಬೆನ್ನು. ಬಟ್ಟೆಯೊಳಗಿಂದ ಎದ್ದು ಕಾಣುವ ಬೆನ್ನೆಲುಬಿನ ಗಂಟುಗಳು, ಹಿಂದಕ್ಕೆ ಚಾಚಿದ ಒಂದು ಪಾದ, ಹೊದಿಕೆಯ ಮಡಿಕೆ. ಆಶ್ರಮದ ಮಾತು ಇತ್ಯರ್ಥವಾದ ಮೇಲೆ, ಅತ್ತಿಗೆ ಇನ್ನೂ ಮನೆಯಲ್ಲಿದ್ದ ದಿನಗಳಲ್ಲಿ, ಮಧ್ಯಾಹ್ನ ಅವಳು ಮಲಗಿದಾಗ ಬಾಗಿಲ ಬಳಿ ಕೂತು ಬರೆದುಕೊಂಡದ್ದು. ಹೋಗಿಬಿಡುತ್ತಾಳಲ್ಲ ಎಂಬ ದುಃಖದಿಂದ ಬರೆದೆ ಎಂದುಕೊಂಡಿದ್ದಳು. ಹೋಗಿಬಿಟ್ಟರೆ ಈ ಬೆನ್ನು ಮತ್ತೆ ಸಿಗುವುದಿಲ್ಲ ಎಂದು ಅವಸರಪಟ್ಟು ಬರೆದದ್ದೂ ನಿಜ. ಗ್ಯಾಲರಿಯಾಕೆ ಬಂದು ನೋಡಿ, "ಎಷ್ಟು ಪ್ರೀತಿಯಿಂದ ನೋಡಿದೀರಿ," ಎಂದು ಕಣ್ಣೊರೆಸಿಕೊಂಡಾಗ ಇವಳು ತಲೆ ತಗ್ಗಿಸಿದ್ದನ್ನು ಆಕೆ ವಿನಯ ಎಂದು ತಿಳಿದಳು.

ಅತ್ತಿಗೆ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದಳು. ತುಂಬ ಹೊತ್ತಾದ ಮೇಲೆ, "ನಾನು ಈ ಮಗ್ಗುಲಲ್ಲಿ ಮಲಗೋಳಲ್ಲ," ಎಂದಳು. "ಎಡಕ್ಕೆ ತಿರುಗಿದ್ರೆ ಕೆಮ್ಮು ಕಿತ್ಕೊಂಡು ಬರತ್ತೆ."

"ಅಚ್ಚಲ್ಲಿ ಎಲ್ಲಾ ತಿರುವುಮುರುವಾಗತ್ತಲ್ಲ ಅತ್ತಿಗೆ."

"ಅದು ನನಗ್ಗೊತ್ತು, ಎಷ್ಟು ವರ್ಷ ನಿನ್ನ ಕಾಗದ ಹಿಡಿದಿಲ್ಲ. ನೋಡೋಕೆ ಬರೋರಿಗೆ ಗೊತ್ತಿರಲ್ವಲ್ಲ ಅಂದೆ." ಮತ್ತೆ ಚಿತ್ರದ ಕಡೆ ಬಗ್ಗಿ, "ಪಾದ ಮಾತ್ರ ಥೇಟ್ ನಮ್ಮಮ್ಮಂದು. ನಂದು ಹಾಗಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಯಾರನ್ನು ಕೇಳಿ ಬರೆದೆ ಎಂದಿದ್ದರೆ ಉತ್ತರ ಸಿದ್ಧವಿತ್ತು. ಅದನ್ನು ಅವಳು ಎರಡು ವರ್ಷದಿಂದ ಬಾಯಿಪಾಠ ಮಾಡಿಕೊಂಡಿದ್ದಳು.

ಊಟದ ತಟ್ಟೆ ತೆಗೆಯುವಾಗ ಅತ್ತಿಗೆ ಸಂಕೋಚದಿಂದ, ಬೇರೆಯವರ ಮನೆಯಲ್ಲಿ ಕೇಳುವಂತೆ, "ಹುಡುಗಿ, ಒಂದೆರಡು ಬಕೀಟು ಬಿಸಿನೀರು ಸಿಗತ್ತಾ?" ಎಂದಳು. "ಬಟ್ಟೆ ಎಲ್ಲ ಕುದಿಯೋ ನೀರಲ್ಲಿ ಅದ್ದಿ ಒಗೆದು ತರ್ಬೇಕಂತೆ. ಹೊಲಿಗೇಲಿ ತಿಗಣೆ ಮೊಟ್ಟೆ ಇರತ್ತಂತೆ. ನಿನ್ನ ಕೆಲಸ ಕೆಡುತ್ತೇನೋ ಅಂತ ಬೆಳಗ್ಗಿಂದ ನೋಡ್ತಾ ಇದ್ದೆ." ಅವಳು ತಟ್ಟೆ ಹಿಡಿದು ನಿಂತೇ ಇದ್ದಳು. ಚೀಲ ಅದಕ್ಕೆ. ಅಷ್ಟಕ್ಕೇ. ಅರ್ಧ ದಿನ ಆ ಚೀಲವನ್ನು ಮುಟ್ಟಲು ಅಂಜಿ, ಅದು ತನ್ನನ್ನೇ ಕೇಳಲು ಬಂದು ಕೂತ ನ್ಯಾಯಾಧೀಶನೆಂಬಂತೆ ಸುತ್ತು ಹಾಕಿಕೊಂಡು ಓಡಾಡಿದ್ದಳು. ಆ ಹೊತ್ತಿನಲ್ಲಿ ಬಟ್ಟೆ ಒಗೆದು, ಬಿಸಿಲಿಗೆ ಹಾಕಿ, ಒಣಗಿ, ಮಡಚಿಯೂ ಆಗಿರುತ್ತಿತ್ತು. ಈಗ ಬಿಸಿಲು ಹಿತ್ತಿಲ ಗೋಡೆಯ ಮೇಲಕ್ಕೆ ಹತ್ತಿಬಿಟ್ಟಿತ್ತು.

ಬಚ್ಚಲಲ್ಲಿ ಹಬೆ ತುಂಬಿತು. ಅವಳು ಕುಕ್ಕರುಗಾಲಲ್ಲಿ ಕೂತು ಕೋಲಿನಿಂದ ಬಟ್ಟೆ ಅದ್ದುತ್ತಿದ್ದಳು. ಅತ್ತಿಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸ್ವೆಟರಿನ ಗುಂಡಿ ಬಿಚ್ಚಿ ಬಿಚ್ಚಿ ಕೊಡುತ್ತಿದ್ದಳು. ಒಳಬಟ್ಟೆಗಳೆಲ್ಲ ನವೆದು ಜಾಳಾಗಿದ್ದವು. ಇವನ್ನು ಬದಲಿಸಬೇಕೆಂದು ಯಾರ ಲೆಕ್ಕದಲ್ಲಿತ್ತು? ಇದೇ ಬಚ್ಚಲಲ್ಲಿ ಅತ್ತಿಗೆ ಜಾರಿ ಬಿದ್ದದ್ದು. ಬಿದ್ದು ಕೂಗಿದಾಗ ಅವಳು ಉಳಿ ಹಿಡಿದು ಕೂತಿದ್ದಳು, ಒಂದು ಸಣ್ಣ ಗೆರೆ ಕೊನೆ ಮುಟ್ಟಬೇಕಿತ್ತು, ಮುಟ್ಟಿಸಿ ಎದ್ದಳು. ಎಷ್ಟು ಹೊತ್ತು, ಒಂದು ಉಸಿರಿನಷ್ಟು. ಅಷ್ಟರಿಂದ ಏನೂ ಹೆಚ್ಚುಕಡಿಮೆಯಾಗಲಿಲ್ಲ ಎಂದು ಡಾಕ್ಟರೇ ಹೇಳಿದ್ದರು, ಕೇಳಿದ್ದು ಅವಳೇ. ಆಮೇಲೆ ಗಂಡ, ಹಗಲೆಲ್ಲ ನೋಡಿಕೊಳ್ಳುವವರು ಬೇಕು, ಏನು ಮಾಡೋಣ ನೀನು ಹೇಳು ಎಂದಾಗ, "ನಿಮ್ಮ ಅಕ್ಕ, ನೀವೇ ನೋಡಿ," ಎಂದಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತಿನಿಂದಲೇ ಎಲ್ಲ ತೀರ್ಮಾನವಾಯಿತು. ಬೇಡ ಎಂದವರು ಯಾರೂ ಇಲ್ಲ, ಕಳಿಸಿ ಎಂದವರೂ ಇಲ್ಲ. ಅದರ ಮುಂದಿನ ದಿನವೋ, ಆ ಸಂಜೆಯೇ ಏನೋ, ಅವಳು ಟೇಪು ಹಿಡಿದು ಆ ಕೋಣೆಗೆ ಹೋಗಿದ್ದಳು. ಕಿಟಕಿಯಿಂದ ಬಾಗಿಲಿಗೆ ಎಷ್ಟು, ಪ್ರೆಸ್ ಕೂರುತ್ತದೋ ಇಲ್ಲವೋ. ಒಬ್ಬಳೇ ಅಳೆಯುವಾಗ ಟೇಪಿನ ತುದಿ ಮತ್ತೆ ಮತ್ತೆ ಜಾರಿ ಸುರುಳಿಯಾಗುತ್ತಿತ್ತು. ಮಂಚದ ಮೇಲೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಅತ್ತಿಗೆ ಕೈ ಚಾಚಿ, "ಕೊಡಿಲ್ಲಿ, ನಾನು ಹಿಡ್ಕೋತೀನಿ," ಎಂದಳು. ಹಿಡಿದುಕೊಂಡಳು. ಯಾಕೆ ಎಂದು ಕೇಳಲಿಲ್ಲ. ಎಷ್ಟು ಬಂತು ಎಂದು ಮಾತ್ರ ಕೇಳಿದಳು.

"ಕೈ ಸುಟ್ಕೋಬೇಡ್ವೇ," ಎಂದಳು ಅತ್ತಿಗೆ. "ಕೋಲಿದೆಯಲ್ಲ, ಅದರಲ್ಲೇ ಎತ್ತು."

ಬಟ್ಟೆ ಹರವಿ ಬಂದ ಮೇಲೆ ಅತ್ತಿಗೆಯೇ, "ನೀನು ಕೆಲಸ ಮಾಡು, ನಾನು ಸುಮ್ನೆ ಕೂತಿರ್ತೀನಿ," ಎಂದು ಸ್ಟೂಲಿನ ಮೇಲೆ ಕೂತಳು. ಕಡೆಯ ಹಲಗೆ ಉಳಿದಿತ್ತು, ಎಲ್ಲಕ್ಕಿಂತ ದೊಡ್ಡದು. ಅವಳು ಮಸಿ ಹರಡಿದಳು, ರೋಲರ್ ಉರುಳಿಸಿದಳು, ಹಲಗೆಗೆ ಹಚ್ಚಿದಳು. ಅಷ್ಟಗಲದ ಕಾಗದ ಹಾಸಲು ಇಬ್ಬರಿದ್ದರೆ ಸಲೀಸು. ಹೇಳುವ ಮೊದಲೇ ಅತ್ತಿಗೆ ಎದ್ದು ಬಂದು ಆಚೆಯ ಎರಡು ಮೂಲೆ ಹಿಡಿದಳು, ಕಾಗದದ ಅಂಚು ಬೆರಳುಗಳ ನಡುವೆ ಹೇಗೆ ಬರಬೇಕೋ ಹಾಗೆಯೇ. ಒಂದು ಕ್ಷಣ ಅವಳಿಗೆ ಅಡುಗೆಮನೆಯ ಆ ಬೆಳಗುಗಳ ತಂಪು ನೆಲ ಅಂಗಾಲಿಗೆ ತಾಗಿದಂತಾಯಿತು. "ಮೊದಲು ನನ್ನ ಕಡೆ ಇಳಿಸ್ತೀನಿ, ಆಮೇಲೆ ನೀವು ಮೆಲ್ಲಗೆ," ಎಂದಳು. ಅತ್ತಿಗೆಯ ಕೈ ನಡುಗುತ್ತಿತ್ತು. ಕಾಗದದ ಉದ್ದಕ್ಕೂ ಆ ನಡುಕ ಇವಳ ಬೆರಳಿನವರೆಗೆ ಬರುತ್ತಿತ್ತು. ಕಾಗದ ಹಲಗೆಗೆ ತಾಗಿತು, ಜರುಗಿತು, ಮತ್ತೆ ಎತ್ತಿ ಸರಿಮಾಡಲು ಹೋದ ಅತ್ತಿಗೆಯ ಬೆರಳಿನ ಜೊತೆ ಎಳೆದುಕೊಂಡು ಹೋಗಿ ಒಂದು ಕಡೆ ಪೂರ್ತಿ ಬಳಿದುಹೋಯಿತು.

"ಅಯ್ಯೋ, ಬಿಡಿ! ಕೈ ಬಿಡಿ ನೀವು!"

ಪಕ್ಕದ ಕೋಣೆಯಲ್ಲಿ ಮಗಳು ಓದುವುದನ್ನು ನಿಲ್ಲಿಸಿದ್ದು ಗೋಡೆಯಾಚೆಯಿಂದಲೂ ಗೊತ್ತಾಯಿತು. ಅತ್ತಿಗೆ ಕೈ ಬಿಟ್ಟು, ಮಸಿಯಾದ ಬೆರಳುಗಳನ್ನು ಮೈಗೆ ತಾಗದಂತೆ ಎತ್ತಿ ಹಿಡಿದು, ಮಗ್ಗಿ ತಪ್ಪಿದ ಹುಡುಗಿಯ ಹಾಗೆ ನಿಂತಳು. ಅವಳು ಹಾಳಾದ ಕಾಗದ ಎತ್ತಿ ಮುದುರಿದಳು. ಚಿಂದಿಗೆ ಸೀಮೆಎಣ್ಣೆ ಹಾಕಿ ಅತ್ತಿಗೆಯ ಒಂದೊಂದೇ ಬೆರಳು ಒರೆಸಿದಳು. ಒರೆಸುತ್ತ, ತಲೆ ಎತ್ತದೆ, "ಅತ್ತಿಗೆ, ಹೋಗೋದು ಬೇಡ. ಇಲ್ಲೇ ಇದ್ದುಬಿಡಿ," ಎಂದಳು. ಮಾತು ಹೊರಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಇದು ಪ್ರೀತಿಯಿಂದ ಬಂದ ಮಾತಲ್ಲ, ಕೂಗಿದ್ದಕ್ಕೆ ತೆತ್ತ ದಂಡ ಎಂದು ತನಗೆ ತಿಳಿದಷ್ಟೇ ಅತ್ತಿಗೆಗೂ ತಿಳಿಯಿತೆಂದು ಅನ್ನಿಸಿತು.

ಅತ್ತಿಗೆ ಕೋಣೆಯನ್ನು ಒಂದು ಸುತ್ತು ನೋಡಿದಳು. ಪ್ರೆಸ್, ಹಲಗೆಗಳ ರಾಶಿ, ಕಾಗದದ ಬೀರು, ಗೋಡೆಯ ತುಂಬ ಬೆನ್ನುಗಳು. "ಎಲ್ಲಿ?" ಎಂದಳು.

ಚುಚ್ಚುಮಾತಲ್ಲ. ನಿಜವಾಗಿಯೂ ಜಾಗ ಹುಡುಕುವವಳ ಪ್ರಶ್ನೆ. "ನೋಡೋಣ... ಇದನ್ನ ಸ್ವಲ್ಪ ಆ ಕಡೆ ಸರಿಸಿದ್ರೆ..." ಎಂದು ಅವಳು ಪ್ರೆಸ್ಸಿನ ಕಡೆ ಕೈ ತೋರಿಸಿದಳು. ನಾಲ್ಕು ಜನ ಹೊತ್ತು ತಂದು, ಬಾಗಿಲಿನ ಚೌಕಟ್ಟು ಬಿಚ್ಚಿ ಒಳಗಿಳಿಸಿ, ನೆಲಕ್ಕೆ ಬೋಲ್ಟು ಹಾಕಿದ ಯಂತ್ರ. ಅತ್ತಿಗೆ ನಕ್ಕಳು. "ಸುಮ್ನಿರು. ಅಲ್ಲಿ ನನಗೆ ಕಿಟಕಿ ಪಕ್ಕ ಬೆಡ್ಡು ಸಿಕ್ಕಿದೆ. ಒಂದು ದಿನ ಬಿಟ್ರೆ ಆ ಮೂಲೆಯವಳು ಹಾರಿ ಬಂದು ಕೂತ್ಕೋತಾಳೆ," ಎಂದು, ತನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು, ಹೋಗಿದೆ ನೋಡು ಎಂದು ತೋರಿಸಿದಳು. ಹೋಗಿರಲಿಲ್ಲ.

ಬಟ್ಟೆ ಒಣಗಲೇ ಇಲ್ಲ. ಹಸಿ ಬಟ್ಟೆ ತುಂಬಿದ ಚೀಲ ಬೆಳಗ್ಗೆಗಿಂತ ಭಾರವಾಗಿ, ಕಾರಿನಲ್ಲಿ ಅವಳ ತೊಡೆಯ ಮೇಲೆ ತಣ್ಣಗೆ ಕೂತಿತು. ಆಶ್ರಮದ ಕಾರಿಡಾರಿನಲ್ಲಿ ಔಷಧಿಯ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಮೇಲ್ವಿಚಾರಕಿ ಚೀಲ ಮುಟ್ಟಿ ನೋಡಿ, "ಏನಮ್ಮಾ ಇದು, ಬೆಳಗ್ಗೇನೇ ಒಗೆದು ಹಾಕ್ಬಾರದಾ? ಈ ಚಳೀಲಿ ಏನು ಹಾಕ್ಕೋತಾರೆ ಇವರು?" ಎಂದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಅವಳು ಆಗ್ಲೇ ಒಗೀತೀನಿ ಅಂದ್ಲು, ನಾನೇ ಮಾತಿಗೆ ಕೂತ್ಕೊಂಡು ತಡ ಮಾಡಿಸ್ದೆ," ಎಂದು ಸುಳ್ಳು ಹೇಳಿದಳು. ಎಷ್ಟು ಸಲೀಸಾಗಿ ಹೇಳಿದಳು. ಮದುವೆಯಾಗಿ ಬಂದಾಗಿನಿಂದ ತನ್ನ ಪರವಾಗಿ ಹೀಗೆ ಎಷ್ಟು ಸುಳ್ಳು ಸಂದಾಯವಾಗಿವೆಯೋ. ಅತ್ತಿಗೆ ಕಿಟಕಿಯ ಪಕ್ಕದ ಮಂಚಕ್ಕೆ ಹೋಗಿ, ಸರಳಿನ ಮೇಲೆ ಹಸಿ ಸ್ವೆಟರು ಹರವಿ, ತೋಳುಗಳನ್ನು ನೇರ ಮಾಡಿ, "ಕತ್ತಲಾಗತ್ತೆ, ಹೊರಡು. ಅಡುಗೆ ಆಗ್ಬೇಕಲ್ಲ ಇನ್ನೂ," ಎಂದಳು.

ಮನೆಗೆ ಬಂದಾಗ ಮಗಳು ಅಡುಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದಳು. "ಬಿಟ್ ಬಂದ್ಯಾ?" ಎಂದಳು.

"ಹೂಂ."

"ನನ್ನ ರೂಮಲ್ಲಿ ಇರಿ, ಇಬ್ರೂ ಇರೋಣ ಅಂತ ಅತ್ತೆಗೆ ನಾನೂ ಹೇಳ್ದೆ."

ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ಗೋಡೆ ಹಿಡಿದು ನಿಂತಳು. "ಏನಂದ್ರು?"

"ರಾತ್ರಿ ನಾನು ಕೆಮ್ತೀನಿ, ನಿಮ್ಮಮ್ಮನ ಕೈಲಿ ಉಳಿ ಜಾರತ್ತೆ ಅಂದ್ರು."

"ನಗ್ತಾ ಹೇಳಿದ್ರಾ?"

"ನಗ್ತಾನೇ ಹೇಳಿದ್ರು," ಎಂದಳು ಮಗಳು. "ಬೆಳಗ್ಗಿಂದ ನಗ್ತಾನೇ ಇದ್ರಲ್ಲ." ಲೋಟ ತೊಳೆದು ಮಗುಚಿಟ್ಟು ತನ್ನ ಕೋಣೆಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಒತ್ತಿ ಮುಚ್ಚಿದಳು; ಅತ್ತಿಗೆ ಕಲಿಸಿದ್ದು, ಒಳಗೆ ಅಮ್ಮ ಕೆಲಸ ಮಾಡುವಾಗ ಬಾಗಿಲು ಹೀಗೆ ಮುಚ್ಚಬೇಕೆಂದು.

ಅವಳು ಕೋಣೆಗೆ ಹೋಗಿ ದೀಪ ಹಾಕಿದಳು. ಇವತ್ತು ಏನೂ ಆಗುವುದಿಲ್ಲ ಎಂದು ಗೊತ್ತಿತ್ತು; ಆಗಬಾರದು ಎಂದೇ ಇತ್ತು ಮನಸ್ಸಿನಲ್ಲಿ. ಮಸಿ ಕೆನೆಗಟ್ಟಿರುತ್ತದೆ, ಕಾಗದ ಜರುಗುತ್ತದೆ, ಕೈ ಸೋಲುತ್ತದೆ, ಅಷ್ಟಾದರೂ ಆದರೆ ಎಲ್ಲೋ ಒಂದು ಲೆಕ್ಕ ಚುಕ್ತಾ ಆದಂತೆ. ಮಸಿಯ ಮೇಲಿನ ಕೆನೆ ಕೆರೆದು ತೆಗೆದಳು. ಅಡಿಯಲ್ಲಿ ಅದು ಎಣ್ಣೆಯಂತೆ ನುಣ್ಣಗಿತ್ತು. ಮಧ್ಯಾಹ್ನದ ಕಲೆಯನ್ನು ಒರೆಸಿ ಹಲಗೆಗೆ ಮತ್ತೆ ಹಚ್ಚಿದಳು. ದೊಡ್ಡ ಕಾಗದವನ್ನು ಒಬ್ಬಳೇ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಎದೆಗೆ ಆನಿಸಿ, ಇಂಚಿಂಚೇ ಇಳಿಸಿದಳು; ಒಬ್ಬಳೇ ಹಾಸುವ ಆ ಉಪಾಯ ಈ ಎರಡು ವರ್ಷದಲ್ಲಿ ತಾನಾಗಿಯೇ ಕಲಿತದ್ದು. ಕಂಬಳಿ ಹೊದಿಸಿ ಚಕ್ರ ತಿರುಗಿಸಿದಳು. ಆಚೆ ಬಂದ ಕಾಗದವನ್ನು ಮೂಲೆಯಿಂದ ಎಬ್ಬಿಸಿದಾಗ ಅದು ಸಣ್ಣಗೆ ಸದ್ದು ಮಾಡುತ್ತ ಹಲಗೆಯನ್ನು ಬಿಟ್ಟು ಬಂತು.

ಕಪ್ಪು ತುಂಬಿಕೊಂಡಿತ್ತು, ಎಲ್ಲೂ ಒಂದು ಸಾಸಿವೆಯಷ್ಟು ಬಿಳಿ ಬಿಟ್ಟಿರಲಿಲ್ಲ. ಬೆನ್ನಿನ ಗಂಟು ಗಂಟೂ ಉಸಿರಾಡುವಂತಿತ್ತು. ಅವಳು ಅದನ್ನು ದೀಪದ ಕೆಳಗೆ ಹಿಡಿದು, ಹತ್ತಿರದಿಂದ, ದೂರದಿಂದ, ಓರೆಯಾಗಿ, ಎಲ್ಲಾದರೂ ಒಂದು ದೋಷ ಸಿಗಲೆಂದು ತಡಕಾಡಿದಳು. ಇಷ್ಟು ವರ್ಷದಲ್ಲಿ ತೆಗೆದ ಅಚ್ಚುಗಳಲ್ಲೆಲ್ಲ ಇದೇ ಚೆನ್ನಾಗಿತ್ತು. ಪೆನ್ಸಿಲ್ ತೆಗೆದುಕೊಂಡು ಕೆಳಗಿನ ಅಂಚಿನಲ್ಲಿ ತನ್ನ ಹೆಸರು ಬರೆಯಲು ಬಗ್ಗಿದಳು. ಬಗ್ಗಿ, ಕೈ ನಡುಗಲೆಂದು ಸ್ವಲ್ಪ ಹೊತ್ತು ಕಾದಳು. ನಡುಗಲಿಲ್ಲ. ಬರೆದಳು.